ನಲವತ್ತರ ಕಾಗದ, ಅಪ್ಪನ ಕಾಲ್ಬೆರಳು

ನನಗೆ ನಲವತ್ತು ತುಂಬಿದ ಕೆಲವು ತಿಂಗಳಿಗೆ ನಮ್ಮ ಬಡಾವಣೆಯ ಜಿ.ಪಿ. ಚಿಕಿತ್ಸಾಲಯದಿಂದ ಒಂದು ಕಾಗದ ಬಂತು. ಇಂಗ್ಲೆಂಡಿನಲ್ಲಿ ಮನೆಯ ಆಸುಪಾಸಿನ ಕುಟುಂಬ ವೈದ್ಯರನ್ನು ಜಿ.ಪಿ. ಎನ್ನುತ್ತಾರೆ. ಜ್ವರವಿರಲಿ, ಬೆನ್ನುನೋವಿರಲಿ, ಮೊದಲು ಹೋಗಬೇಕಾದದ್ದು ಅವರ ಬಳಿಗೇ. ‘ನಿಮ್ಮ ವಯಸ್ಸಿನವರಿಗೆ ಉಚಿತ ಆರೋಗ್ಯ ತಪಾಸಣೆ ಇದೆ, ಕರೆ ಮಾಡಿ ಸಮಯ ಗೊತ್ತುಪಡಿಸಿಕೊಳ್ಳಿ’ ಎಂಬುದು ಆ ಕಾಗದದ ಸಾರ. ಓದಿ, ಮಡಚಿ, ಕೌನ್ಸಿಲ್ ತೆರಿಗೆಯ ಮತ್ತು ಗ್ಯಾಸಿನ ಬಿಲ್ಲುಗಳನ್ನಿಡುವ ಮೇಜಿನ ಖಾನೆಗೆ ಹಾಕಿದೆ. ಅಲ್ಲಿ ಅದು ಐದು ತಿಂಗಳು ಬಿದ್ದಿತ್ತು.

ಹಾಗೆ ಹಾಕಿಡಲು ನನ್ನ ಬಳಿ ಕಾರಣಗಳಿದ್ದವು. ನನ್ನ ಎತ್ತರ 170 ಸೆಂಟಿಮೀಟರ್, ತೂಕ 70 ಕಿಲೊ. ಸಿಗರೇಟು ಇಲ್ಲ, ಕುಡಿತವಿಲ್ಲ. ಲೆಸ್ಟರ್ ನಗರಕ್ಕೆ ಬಂದು ಹತ್ತು ವರ್ಷ ಕಳೆದಿದ್ದರೂ ಮನೆಯಲ್ಲಿ ಇಂದಿಗೂ ಅನ್ನ, ಸಾರು, ವಾರಕ್ಕೆರಡು ಸಲ ಮುದ್ದೆ. ತಪಾಸಣೆಯೆಂಬುದು ಮೈಭಾರದವರಿಗೆ, ವಯಸ್ಸಾದವರಿಗೆ, ದಿನವೂ ಚಿಪ್ಸು ತಿನ್ನುವವರಿಗೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಏನೂ ತೊಂದರೆಯಿಲ್ಲದವನು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ವೈದ್ಯರ ಬಳಿಗೆ ಹೋಗುವುದು ನಮ್ಮ ಮನೆತನದಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಆ ಕಾಗದವನ್ನು ಮತ್ತೆ ಹುಡುಕಿ ತೆಗೆಯುವಂತೆ ಮಾಡಿದ್ದು ತಿಪಟೂರಿನಿಂದ ಬಂದ ಒಂದು ದೂರವಾಣಿ ಕರೆ.

ಚಪ್ಪಲಿ ಕಚ್ಚಿದ ಗಾಯ

ಅಪ್ಪನಿಗೆ ಆಗ ಅರವತ್ಮೂರು. ಕೊಬ್ಬರಿ ವ್ಯಾಪಾರದಲ್ಲಿ ನಲವತ್ತು ವರ್ಷ ಸವೆಸಿದವರು. ಹೊಸ ಚಪ್ಪಲಿ ಹೆಬ್ಬೆರಳಿನ ಪಕ್ಕ ಕಚ್ಚಿ ಸಣ್ಣ ಗಾಯವಾಗಿತ್ತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಂಡಿಗೆ ಓಡಾಡುತ್ತಲೇ ಇದ್ದರು. ನೋವಿರಲಿಲ್ಲ. ನೋವಿಲ್ಲದ್ದರಿಂದ ಯಾರಿಗೂ ಹೇಳಲಿಲ್ಲ. ಮೂರು ವಾರಗಳ ನಂತರ ಅಮ್ಮನಿಗೆ ವಾಸನೆ ಬಂದು ಕಾಲು ನೋಡಿದಾಗ ಎರಡು ಬೆರಳುಗಳು ಕಪ್ಪಾಗಿದ್ದವು. ರಕ್ತದ ಸಕ್ಕರೆ 412. ಅಂದಿನವರೆಗೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

ತಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಅಣ್ಣ, ಬೆಂಗಳೂರಿಗೆ ಕರ್ಕೊಂಡು ಹೋಗ್ತಾ ಇದೀವಿ. ಬೆರಳು ತೆಗೀಬೇಕಂತೆ.” ಮರುದಿನದ ವಿಮಾನ ಹಿಡಿದೆ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳನ್ನು ತೆಗೆದಾಗಿತ್ತು. ಅಪ್ಪ ಬ್ಯಾಂಡೇಜಿನ ಕಾಲನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡು, “ಇಷ್ಟಕ್ಕೆ ಅಷ್ಟು ದೂರದಿಂದ ಬಂದ್ಯಾ?” ಎಂದರು.

ಅಲ್ಲಿನ ವೈದ್ಯರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಈ ಕಾಯಿಲೆ ನಿನ್ನೆ ಮೊನ್ನೆಯದಲ್ಲ, ಹಲವು ವರ್ಷಗಳಿಂದ ಇದ್ದಿರಬೇಕು. ಕಾಲಿನ ನರಗಳ ಸ್ಪರ್ಶಜ್ಞಾನ ಹೋಗಿದ್ದರಿಂದಲೇ ಗಾಯ ನೋಯಲಿಲ್ಲ. ಆಮೇಲೆ ನಾವೆಲ್ಲ ಕುಳಿತು ಹಿಂದಿನದನ್ನು ನೆನಪಿಸಿಕೊಂಡೆವು. ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದರು, ವಯಸ್ಸು ಎಂದುಕೊಂಡಿದ್ದೆವು. ಮೈ ಇಳಿದಿತ್ತು; ಕೊಬ್ಬರಿ ದರ ಬಿದ್ದ ಚಿಂತೆ ಎಂದುಕೊಂಡಿದ್ದೆವು. ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದ್ದರು. ಅಂಗಡಿಯವನು ಸರಿಯಾಗಿ ನೋಡಲಿಲ್ಲ ಎಂದುಕೊಂಡಿದ್ದೆವು. ಆ ವರ್ಷಗಳಲ್ಲಿ ಜ್ವರಕ್ಕೆ, ಕೆಮ್ಮಿಗೆ ಎಷ್ಟೋ ಬಾರಿ ವೈದ್ಯರ ಬಳಿ ಹೋಗಿದ್ದರು. ಒಮ್ಮೆಯೂ ಯಾರೂ ಬೆರಳು ಚುಚ್ಚಿ ನೋಡಿರಲಿಲ್ಲ. ನೋಡಿ ಎಂದು ಇವರೂ ಕೇಳಿರಲಿಲ್ಲ.

ಹೊರಡುವ ಮುನ್ನ ಆ ವೈದ್ಯರು ನನ್ನತ್ತ ತಿರುಗಿ, “ನಿಮ್ಮದು ನೋಡಿಸಿದ್ದೀರಾ?” ಎಂದು ಕೇಳಿದರು. ಮೇಜಿನ ಖಾನೆಯಲ್ಲಿದ್ದ ಕಾಗದ ನೆನಪಾಯಿತು.

ಹದಿನಾರು ಅಂಕಗಳು

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಈ ತಪಾಸಣೆಯನ್ನು 2009ರಲ್ಲಿ ಆರಂಭಿಸಿತು. 40ರಿಂದ 74 ವರ್ಷದೊಳಗಿನ, ಈಗಾಗಲೇ ಹೃದ್ರೋಗ, ಮಧುಮೇಹ, ಮೂತ್ರಪಿಂಡದ ಕಾಯಿಲೆಯಂಥವು ಇಲ್ಲದವರನ್ನು ಐದು ವರ್ಷಕ್ಕೊಮ್ಮೆ ಕರೆಯುತ್ತಾರೆ. ಆಸ್ಪತ್ರೆಯ ಗಡಿಬಿಡಿ ಇಲ್ಲ. ಚಿಕಿತ್ಸಾಲಯದ ಒಂದು ಸಣ್ಣ ಕೊಠಡಿ, ಒಬ್ಬ ನರ್ಸು, ಸುಮಾರು ಇಪ್ಪತ್ತು ನಿಮಿಷ.

ನನಗೆ ಸಿಕ್ಕ ನರ್ಸು ಗುಜರಾತಿ ಮೂಲದ ಹಿರಿಯ ಹೆಂಗಸು. ಅವರ ತಂದೆತಾಯಿ 1972ರಲ್ಲಿ ಉಗಾಂಡದಿಂದ ಹೊರಹಾಕಲ್ಪಟ್ಟು ಲೆಸ್ಟರಿಗೆ ಬಂದವರು. ಟೇಪು ಹಿಡಿದು ಸೊಂಟ ಅಳೆದರು: 93 ಸೆಂಟಿಮೀಟರ್. ನಾನು ಉಸಿರು ಎಳೆದು ಹೊಟ್ಟೆ ಒಳಕ್ಕೆ ಸರಿಸಿದ್ದನ್ನು ಗಮನಿಸಿ, “ಬಿಡಿ ಭಾಯಿ, ಟೇಪಿಗೆ ಸುಳ್ಳು ಹೇಳಬೇಡಿ” ಎಂದು ನಕ್ಕರು. ಬಳಿಕ ಒಂದು ಪ್ರಶ್ನಾವಳಿ ತೆಗೆದರು. ಅದನ್ನು ರೂಪಿಸಿದ್ದು ಇದೇ ಊರಿನ ಲೆಸ್ಟರ್ ವಿಶ್ವವಿದ್ಯಾಲಯ, ಇಲ್ಲಿನ ಸರ್ಕಾರಿ ಆಸ್ಪತ್ರೆಗಳು ಮತ್ತು ‘ಡಯಾಬಿಟಿಸ್ ಯುಕೆ’ ಎಂಬ ಸೇವಾಸಂಸ್ಥೆ ಸೇರಿ. ರಕ್ತದ ಹನಿಯೂ ಬೇಕಿಲ್ಲದೆ, ಏಳು ಪ್ರಶ್ನೆಗಳಿಂದ ಅಪಾಯವನ್ನು ಅಂದಾಜಿಸುವ ಕ್ರಮ ಅದು.

ಲೆಕ್ಕ ಹೀಗೆ ನಡೆಯಿತು. ವಯಸ್ಸು ಐವತ್ತರ ಒಳಗೆ: ಸೊನ್ನೆ. ಗಂಡಸು: ಒಂದು. ಬಿಳಿಯ ಜನಾಂಗದವನಲ್ಲ: ಆರು. ತಂದೆಗೆ ಮಧುಮೇಹ: ಐದು. ಸೊಂಟದ ಸುತ್ತಳತೆ 90 ದಾಟಿದೆ: ನಾಲ್ಕು. ಎತ್ತರ ತೂಕಗಳ ಅನುಪಾತವಾದ ಬಿಎಂಐ 24.2, ಅಂದರೆ 25ರ ಒಳಗೆ: ಸೊನ್ನೆ. ರಕ್ತದೊತ್ತಡವಿಲ್ಲ: ಸೊನ್ನೆ. ಒಟ್ಟು ಹದಿನಾರು. ಇಪ್ಪತ್ತೈದಾದರೆ ಹೆಚ್ಚಿನ ಅಪಾಯ. ಹದಿನಾರು ಮಧ್ಯಮ ಅಪಾಯದ ಮೊದಲ ಮೆಟ್ಟಿಲು. ಆ ಹದಿನಾರರಲ್ಲಿ ಹನ್ನೊಂದು ಅಂಕಗಳು ನಾನು ಹುಟ್ಟಿದ ಮನೆಯಿಂದಲೇ ಬಂದವು.

“ಅಂಕ ಮಾತ್ರ ನೋಡಿದರೆ ನಿಮಗೆ ಸಲಹೆ ಹೇಳಿ ಕಳಿಸಬಹುದಿತ್ತು. ಆದರೆ ನಮ್ಮ ಕಡೆಯವರಿಗೆ ಬೇರೆ ನಿಯಮ ಇದೆ, ರಕ್ತ ಕೊಟ್ಟು ಹೋಗಿ” ಎಂದರು ಅವರು. ಆ ನಿಯಮವನ್ನು ನಾನು ಆಮೇಲೆ ಓದಿಕೊಂಡೆ. ಈ ದೇಶದ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ‘ನೈಸ್’ ಸಂಸ್ಥೆ 2012ರಲ್ಲಿ ಹೊರತಂದ ಸೂಚನೆಯಂತೆ, ದಕ್ಷಿಣ ಏಷ್ಯಾ ಅಥವಾ ಚೀನಾ ಮೂಲದವರ ಬಿಎಂಐ 23 ದಾಟಿದ್ದರೆ, ವಯಸ್ಸು 25 ಆಗಿದ್ದರೂ ಸಾಕು, ರಕ್ತಪರೀಕ್ಷೆಯನ್ನು ಪರಿಗಣಿಸಬೇಕು.

ಒಂದು ವಾರಕ್ಕೆ ಫಲಿತಾಂಶ ಬಂತು. ಎಚ್‌ಬಿಎ1ಸಿ 44. ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿದ್ದ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಪರೀಕ್ಷೆ ಇದು. ಇದಕ್ಕೆ ಉಪವಾಸ ಬೇಕಿಲ್ಲ. ಊರಿನ ಪ್ರಯೋಗಾಲಯಗಳಲ್ಲಿ ಇದನ್ನು ಶೇಕಡಾವಾರು ಹೇಳುತ್ತಾರೆ, ಇಲ್ಲಿ ಬೇರೆ ಮಾನದಲ್ಲಿ. ನನ್ನ 44 ಎಂದರೆ ಊರಿನ ಲೆಕ್ಕದಲ್ಲಿ ಶೇ 6.2. ಇಲ್ಲಿ 48, ಅಂದರೆ ಶೇ 6.5 ಮುಟ್ಟಿದರೆ ಮಧುಮೇಹ; 42ರಿಂದ 47ರವರೆಗೆ ಮಧುಮೇಹಪೂರ್ವ ಸ್ಥಿತಿ. ನಾನು ಆ ಹೊಸ್ತಿಲ ಮೇಲಿದ್ದೆ, ಮತ್ತು ಅದು ನನಗೆ ಯಾವ ರೀತಿಯಲ್ಲೂ ಅನುಭವಕ್ಕೆ ಬಂದಿರಲಿಲ್ಲ.

ತೆಳ್ಳಗಿದ್ದರೂ ಏಕೆ?

ಮೈ ದಪ್ಪವಿಲ್ಲ, ಸಕ್ಕರೆ ಹೇಗೆ ಬಂತು? ಅಮ್ಮ ಫೋನಿನಲ್ಲಿ ಕೇಳಿದ್ದೂ ಇದೇ. ಇದಕ್ಕೆ ಉತ್ತರದ ಒಂದು ಭಾಗ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪುಟ್ಟ ಬರಹವೊಂದರಲ್ಲಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟಿಷ್ ವೈದ್ಯ ಡಾ. ಜಾನ್ ಯುಡ್ಕಿನ್ ಜೊತೆಯಾಗಿ ಬರೆದದ್ದು, ಅವರಿಬ್ಬರ ಭಾವಚಿತ್ರದೊಂದಿಗೆ. ಇಬ್ಬರ ಬಿಎಂಐ ಕೂಡ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ 21.2. ತಕ್ಕಡಿ ಇಬ್ಬರನ್ನೂ ಸಮ ಎನ್ನುತ್ತದೆ, ದೇಹದೊಳಗಿನ ಲೆಕ್ಕ ಬೇರೆ. ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ. ಆ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಇಂಗ್ಲೆಂಡಿನ ಜಿ.ಪಿ. ದಾಖಲೆಗಳು. ಸುಮಾರು 14.7 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಬಿಎಂಐ 30 ಇರುವ ಬಿಳಿಯರಿಗೆ ಎಷ್ಟು ಮಧುಮೇಹದ ಅಪಾಯವೋ ದಕ್ಷಿಣ ಏಷ್ಯಾದವರಿಗೆ ಅಷ್ಟೇ ಅಪಾಯ 23.9ಕ್ಕೇ ಬರುತ್ತದೆ ಎಂದಿತು. 30 ಎಂದರೆ ಇಲ್ಲಿ ಸ್ಥೂಲಕಾಯದ ಗೆರೆ. 24.2ರ ನಾನು ಆ ಗೆರೆಯ ಆಚೆಯವನಾಗಿದ್ದೆ, ಕನ್ನಡಿಯಲ್ಲಿ ತೆಳ್ಳಗೆ ಕಾಣುತ್ತಿದ್ದೆ. ಲಂಡನ್ನಿನ ಸೌತ್‌ಹಾಲ್ ಮತ್ತು ಬ್ರೆಂಟ್ ಪ್ರದೇಶಗಳಲ್ಲಿ 1988ರಲ್ಲಿ ಆರಂಭವಾದ ‘ಸೇಬರ್’ ಅಧ್ಯಯನ ಒಂದೇ ಗುಂಪಿನ ಜನರನ್ನು ದಶಕಗಳ ಕಾಲ ಹಿಂಬಾಲಿಸಿತು. ಎಂಬತ್ತು ತುಂಬುವ ಹೊತ್ತಿಗೆ ದಕ್ಷಿಣ ಏಷ್ಯಾ ಮೂಲದವರಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು ಮಂದಿಗೆ ಮಧುಮೇಹ ಬಂದಿತ್ತು. ಅದು ಅದೇ ಪ್ರದೇಶದ ಬಿಳಿಯರಲ್ಲಿ ಕಂಡುಬಂದುದರ ಕನಿಷ್ಠ ಎರಡರಷ್ಟು.

ಓದುತ್ತಾ ಹೋದಂತೆ ಈ ಕಥೆಯ ಒಂದು ಎಳೆ ನಮ್ಮ ಮೈಸೂರಿಗೇ ಹೋಗಿ ಮುಟ್ಟಿದ್ದು ಕಂಡು ಅಚ್ಚರಿಯಾಯಿತು. ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮೈಸೂರಿನವರ ಜೊತೆಗೂಡಿ, ಆ ಮಕ್ಕಳು ಬೆಳೆದು ನಡುವಯಸ್ಸಿಗೆ ಬಂದಿದ್ದಾಗ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. 1990ರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ನಡೆಯಿತು. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವರ್ಷಕ್ಕಾಗಲೇ ದೇಹದ ಕೊಬ್ಬು ಹೆಚ್ಚಿತ್ತು. ಆಗ ನನಗೆ ಸ್ವಲ್ಪ ಸಮಾಧಾನವಾಯಿತು ಎನ್ನಬೇಕು. ವೃತ್ತಾಂತವೆಲ್ಲ ನಾನು ತಿಂದ ಹೋಳಿಗೆಯಿಂದ ಆರಂಭವಾದದ್ದಲ್ಲ. ಆದರೆ ಮುಂದಿನದು ನನ್ನ ಕೈಯಲ್ಲಿತ್ತು.

ಸಂಖ್ಯೆ ತಿಳಿದ ಮೇಲೆ

ತಪಾಸಣೆಯನ್ನು ಹೊಗಳುವ ಉತ್ಸಾಹದಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಇಂಗ್ಲೆಂಡಿನ ಪೂರ್ವ ಭಾಗದ 33 ಜಿ.ಪಿ. ಚಿಕಿತ್ಸಾಲಯಗಳಲ್ಲಿ ಅಪಾಯದಲ್ಲಿರುವ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2012ರಲ್ಲಿ ಹೊರಬಂತು. ಮಧುಮೇಹದ ತಪಾಸಣೆಗೆ ಕರೆದ ಚಿಕಿತ್ಸಾಲಯಗಳಿಗೂ ಕರೆಯದವಕ್ಕೂ ಸುಮಾರು ಹತ್ತು ವರ್ಷಗಳ ನಂತರ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೆರಳು ಚುಚ್ಚಿದ ಮಾತ್ರಕ್ಕೆ ಜೀವ ಉಳಿಯುತ್ತದೆ ಎನ್ನಲಾಗದು. ಅಪಾಯ ಯಾರಿಗೆ ಹೆಚ್ಚೋ ಅವರನ್ನು ಆರಿಸಿ ನೋಡಬೇಕು. ನೋಡಿದ ಮೇಲೆ ಕೈಬಿಡದೆ ಮುಂದಿನ ದಾರಿ ತೋರಿಸಬೇಕು. ಎರಡನೆಯದಿಲ್ಲದಿದ್ದರೆ ಮೊದಲನೆಯದು ಬರಿಯ ಹೆದರಿಕೆ.

ಆ ಎರಡನೆಯದು ಇಲ್ಲಿದೆ ಎಂಬುದೇ ನನ್ನ ಅದೃಷ್ಟ. 2016ರಲ್ಲಿ ಎನ್‌ಎಚ್‌ಎಸ್ ಮಧುಮೇಹ ತಡೆ ಕಾರ್ಯಕ್ರಮವೊಂದನ್ನು ಆರಂಭಿಸಿತು. ನನ್ನಂಥ ಸಂಖ್ಯೆ ಬಂದವರನ್ನು ಜಿ.ಪಿ. ಅದಕ್ಕೆ ಕಳಿಸುತ್ತಾರೆ. ಒಂಬತ್ತು ತಿಂಗಳು, ಹದಿಮೂರು ತರಗತಿಗಳು, ಔಷಧಿಯಿಲ್ಲ, ಶುಲ್ಕವಿಲ್ಲ. ನಮ್ಮ ಗುಂಪಿನಲ್ಲಿ ಹದಿನಾಲ್ಕು ಮಂದಿ: ನಿವೃತ್ತ ಬಸ್ ಚಾಲಕರು, ಇಬ್ಬರು ಗುಜರಾತಿ ಅಜ್ಜಿಯರು, ಒಬ್ಬ ಸೊಮಾಲಿ ಟ್ಯಾಕ್ಸಿಯವರು, ಕೇರಳದ ಒಬ್ಬ ನರ್ಸು, ನಾನು. ಮೊದಲ ದಿನ ಎಲ್ಲರೂ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳಂತೆ ಕುಳಿತಿದ್ದೆವು.

ಊಟದ ವಿಷಯಕ್ಕೆ ಬಂದಾಗ ನನ್ನ ಒಂದು ನಂಬಿಕೆ ಮುರಿಯಿತು. ನಾನು ಮುದ್ದೆ ಉಣ್ಣುವವನು, ಆದ್ದರಿಂದ ಸುರಕ್ಷಿತ ಎಂದು ತಿಳಿದಿದ್ದೆ. ರಾಗಿಯಲ್ಲಿ ನಾರು ಹೆಚ್ಚು ಎಂಬುದು ನಿಜ, ಆದರೆ ಅದೂ ಪಿಷ್ಟವೇ. ದೊಡ್ಡದೊಂದು ಮುದ್ದೆ, ಅದರ ಮೇಲೆ ಒಂದು ತಟ್ಟೆ ಅನ್ನ ಸಾರು, ಕೊನೆಗೆ ಮಜ್ಜಿಗೆ ಅನ್ನ. ದಿನವಿಡೀ ತೋಟದಲ್ಲಿ ದುಡಿದ ತಾತನಿಗೆ ಅದು ತಕ್ಕ ಊಟ. ಎಂಟು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ಮೊಮ್ಮಗನಿಗೆ ಅದೇ ಊಟ ಹೆಚ್ಚಾಗುತ್ತದೆ. ತಟ್ಟೆಯ ಅರ್ಧ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಬೇಳೆ ಕಾಳು, ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ಮುದ್ದೆ ಎಂದು ಹೆಂಡತಿ ಅಡುಗೆಮನೆಯಲ್ಲಿ ಹೊಸ ಲೆಕ್ಕ ಶುರುಮಾಡಿದಳು. ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ, ಕೋಸಂಬರಿ ಹೆಚ್ಚಿದವು. ಊರಿನಿಂದ ಬರುವವರ ಕೈಯಲ್ಲಿ ಕೊಬ್ಬರಿ ಮಿಠಾಯಿಯ ಬದಲು ಹುರಳಿಕಾಳು ಕಳಿಸಲು ಅಮ್ಮನಿಗೆ ಹೇಳಿದೆವು. ಅಮ್ಮ ಎರಡನ್ನೂ ಕಳಿಸಿದರು.

ನಡಿಗೆ ಎರಡನೆಯ ಪಾಠ. ವಾರಕ್ಕೆ ಒಟ್ಟು 150 ನಿಮಿಷ, ಉಸಿರು ತುಸು ಏರುವಷ್ಟು ವೇಗ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ ಈ ನಡಿಗೆ ಹಾಗೂ ದೇಹತೂಕದ ಶೇ 7ರಷ್ಟು ಇಳಿಕೆಯ ಗುರಿಯಿಟ್ಟುಕೊಂಡವರಲ್ಲಿ ಮಧುಮೇಹ ಬರುವ ಸಂಭವ ಶೇ 58ರಷ್ಟು ತಗ್ಗಿತ್ತು. ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರಿನಲ್ಲಿ, ಸಣ್ಣ ಮಳೆಯಲ್ಲಿ, ಕಾಲುವೆಯ ಪಕ್ಕ ನಡೆಯುವುದು ಸುಖದ ಕೆಲಸವಲ್ಲ. ಎಷ್ಟೋ ದಿನ ತಪ್ಪಿಸಿಕೊಂಡೆ. ಗುಂಪಿನ ಹದಿನಾಲ್ವರಲ್ಲಿ ಕೊನೆಯ ತರಗತಿಗೆ ಉಳಿದದ್ದು ಒಂಬತ್ತು ಮಂದಿ. ವರ್ಷದ ಕೊನೆಗೆ ನನ್ನ ತೂಕ 65, ಎಚ್‌ಬಿಎ1ಸಿ 41. ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. “ಗೆದ್ದೆನೆಂದು ಕೂರಬೇಡಿ, ಪ್ರತಿ ವರ್ಷ ಬಂದು ರಕ್ತ ಕೊಡಬೇಕು” ಎಂದರು ಆ ನರ್ಸು.

ತಮ್ಮನ ಸರದಿ

ನನ್ನದು ಒಂದು ದಾರಿಗೆ ಬಂತು. ನಿದ್ದೆಗೆಡಿಸಿದ್ದು ತಮ್ಮನ ಯೋಚನೆ. ಅವನಿಗೆ ಮೂವತ್ನಾಲ್ಕು. ಅದೇ ಅಪ್ಪ, ಅದೇ ಹೊಟ್ಟೆ, ಓಡಾಟವೆಲ್ಲ ಬೈಕಿನ ಮೇಲೆ. ಪರೀಕ್ಷೆ ಮಾಡಿಸು ಎಂದರೆ, “ನಂಗೇನಾಗೈತಣ್ಣಾ? ಚೆನ್ನಾಗೇ ಇದೀನಲ್ಲ. ನೋಡಿಸಿದ್ರೆ ತಾನೆ ಇರಾದು!” ಎನ್ನುತ್ತಿದ್ದ. ಅಪ್ಪನ ಕಾಲಿಗೆ ದಿನವೂ ಬ್ಯಾಂಡೇಜು ಕಟ್ಟುತ್ತಿದ್ದವನು ಇವನೇ. ನೋಡಿಯೂ ಹೀಗೆನ್ನುತ್ತಾನಲ್ಲ ಎಂದು ಮೊದಲು ಕೋಪ ಬರುತ್ತಿತ್ತು. ಆಮೇಲೆ ಅರ್ಥವಾಯಿತು: ನೋಡಿದ್ದರಿಂದಲೇ ಅವನಿಗೆ ಭಯ.

ಊರಿನಲ್ಲಿ ವ್ಯವಸ್ಥೆ ಇಲ್ಲವೆಂದಲ್ಲ. ಮೂವತ್ತು ದಾಟಿದ ಎಲ್ಲರ ತಪಾಸಣೆ ಈಗ ಭಾರತದ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಭಾಗ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಸೊಂಟದ ಅಳತೆ, ತಂಬಾಕು, ಮದ್ಯ, ವ್ಯಾಯಾಮ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. ನಾಲ್ಕು ಮೀರಿದರೆ ಮೊದಲ ಆದ್ಯತೆ. ಲೆಸ್ಟರಿನ ಪ್ರಶ್ನಾವಳಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಮನೆಬಾಗಿಲಿನಲ್ಲೇ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯನ್ನೂ ಕರ್ನಾಟಕ ಸರ್ಕಾರ ತಂದಿದೆ. ಅಗತ್ಯವೂ ಅಷ್ಟೇ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ನಾನಿದ್ದ ಹೊಸ್ತಿಲಿನ ಮೇಲಿದ್ದಾರೆ.

ನಮ್ಮ ಮನೆಗೂ ಆಶಾ ಕಾರ್ಯಕರ್ತೆ ಬಂದಿದ್ದರು, ಹಗಲು ಹನ್ನೊಂದಕ್ಕೆ. ಅಮ್ಮನಿಗೆ ರಕ್ತದೊತ್ತಡ ಇರುವುದು ಹಾಗೆಯೇ ತಿಳಿಯಿತು. ತಮ್ಮ ಮಂಡಿಯಲ್ಲಿದ್ದ. ಎರಡನೆಯ ಸಲ ಬಂದಾಗಲೂ ಮಂಡಿಯಲ್ಲಿದ್ದ. ಮನೆಬಾಗಿಲಿಗೆ ಬಂದ ತಪಾಸಣೆ ಹಗಲಲ್ಲಿ ಮನೆಯಲ್ಲಿರದ ಗಂಡಸರನ್ನು ಹೇಗೆ ತಪ್ಪಿಸಿಕೊಳ್ಳಲು ಬಿಡುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡೆ.

ನಾನು ಅವನಿಗೆ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡದ ಪ್ರಯೋಗದ ವಿವರ ಕಳಿಸಿದೆ. 2006ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಹೊಸ್ತಿಲಿನಲ್ಲಿದ್ದ ಭಾರತೀಯರ ಪೈಕಿ ವಿಶೇಷ ಸಲಹೆಯಿಲ್ಲದೆ ಇದ್ದವರಲ್ಲಿ ಮೂರೇ ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ, ನಡಿಗೆಗಳನ್ನು ಬದಲಿಸಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು. ತಮ್ಮ ಅದನ್ನು ಓದಿದನೋ ಇಲ್ಲವೋ ತಿಳಿಯದು. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಅಪ್ಪ. ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತು, “ನಡಿಯೋ, ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು” ಎಂದರಂತೆ. ಪ್ರಾಥಮಿಕ ಆರೋಗ್ಯ ಕೇಂದ್ರ ತಲುಪಿದ ಮೇಲೆ ವೈದ್ಯರಿಗೆ, “ನಂದಲ್ಲ ಸಾರ್, ಇವನ್ದು ನೋಡಿ. ಹೊಟ್ಟೆಗೇನೂ ಹಾಕ್ಕೊಂಡಿಲ್ಲ ಇನ್ನೂ” ಎಂದರಂತೆ. ಅಮ್ಮನಿಗೆ ಹೇಳಿ ಅಂದು ತಿಂಡಿ ತಡ ಮಾಡಿಸಿದ್ದೂ ಅವರೇ. ಬರಿಹೊಟ್ಟೆಯ ಸಕ್ಕರೆ 118 ಬಂತು. 126 ಮುಟ್ಟಿದ್ದರೆ ಮಧುಮೇಹ. ತಮ್ಮನೂ ಹೊಸ್ತಿಲಿನಲ್ಲೇ ಇದ್ದ, ನನಗಿಂತ ಆರು ವರ್ಷ ಮೊದಲೇ. ಅಂದು ರಾತ್ರಿ ಅವನೇ ಕರೆ ಮಾಡಿ, “ಅಣ್ಣ, ಆ ತಟ್ಟೆ ಲೆಕ್ಕ ಹೇಳು” ಎಂದ.

ಹೊರಡುವವರಿಗೆ ಒಂದಿಷ್ಟು ಮಾತು

ಈ ದೇಶಕ್ಕೆ ಬರಲು ಸಿದ್ಧರಾಗುತ್ತಿರುವ ತರುಣ ತರುಣಿಯರು ಪ್ರಮಾಣಪತ್ರ, ಬ್ಯಾಂಕ್ ವಿವರಗಳ ಜೊತೆಗೆ ಇನ್ನೊಂದು ಹಾಳೆಯನ್ನು ತರಬೇಕೆಂದು ನನ್ನ ವಿನಂತಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು ಎಂಬುದನ್ನು ಅದರಲ್ಲಿ ಬರೆದುಕೊಳ್ಳಿ. ‘ಗೊತ್ತಿಲ್ಲ’ ಎಂದರೆ ಪ್ರಶ್ನಾವಳಿಯ ಐದು ಅಂಕ ಲೆಕ್ಕ ತಪ್ಪುತ್ತದೆ. ವೀಸಾದ ಜೊತೆಗೇ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ಹೆಚ್ಚಿನವರು ಮುಂಗಡವಾಗಿ ಕಟ್ಟಿರುತ್ತೀರಿ. ವಿದ್ಯಾರ್ಥಿಗಳಿಗೆ ಅದು 776. ಹಾಗಿದ್ದರೂ ಜಿ.ಪಿ. ಬಳಿ ಹೆಸರು ನೋಂದಾಯಿಸದೆ ವರ್ಷಗಟ್ಟಲೆ ಕಳೆಯುವ ನಮ್ಮ ಹುಡುಗರನ್ನು ಬಹಳ ಕಂಡಿದ್ದೇನೆ. ನೋಂದಾಯಿಸದವರಿಗೆ ಯಾರೂ ಕಾಗದ ಕಳಿಸುವುದಿಲ್ಲ.

ಕಾಗದ ಬರುವುದು ನಲವತ್ತಕ್ಕೆ. ನಮ್ಮವರಿಗೆ ಅಪಾಯ ಅದಕ್ಕೂ ಮೊದಲೇ ಆರಂಭವಾಗುತ್ತದೆ. ಆದ್ದರಿಂದ 25 ದಾಟಿದ್ದು, ಮನೆಯಲ್ಲಿ ಕಾಯಿಲೆಯಿದ್ದು, ಗಂಡಸರ ಸೊಂಟ 90, ಹೆಂಗಸರದು 80 ಸೆಂಟಿಮೀಟರ್ ಮುಟ್ಟಿದ್ದರೆ ನೀವೇ ಜಿ.ಪಿ.ಯನ್ನು ಕೇಳಿ. ಬಸುರಿಯಾಗಿದ್ದಾಗ ಸಕ್ಕರೆ ಏರಿದ್ದ ಹೆಣ್ಣುಮಕ್ಕಳು ಹೆರಿಗೆಯಾದ ಮೇಲೂ ಪ್ರತಿ ವರ್ಷ ಎಚ್‌ಬಿಎ1ಸಿ ನೋಡಿಸಿಕೊಳ್ಳಬೇಕು. ‘ಹೆರಿಗೆಯಾಯಿತು, ಸಕ್ಕರೆ ಹೋಯಿತು’ ಎಂದು ಮರೆಯಬಾರದು. ರಕ್ತಹೀನತೆ ಇದ್ದರೆ ಈ ಪರೀಕ್ಷೆಯ ಸಂಖ್ಯೆ ಹಾದಿ ತಪ್ಪಿಸಬಹುದು, ಅದನ್ನೂ ವೈದ್ಯರಿಗೆ ತಿಳಿಸಿ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಕೆ ಕಂಡರಂತೂ ಯಾವ ಕಾಗದಕ್ಕೂ ಕಾಯದೆ ಅಂದೇ ಹೋಗಿ.

ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು. ಮಕ್ಕಳು ದೂರದಲ್ಲಿ ನೊಂದುಕೊಳ್ಳುತ್ತಾರೆಂದು ಗಾಯಗಳನ್ನು ಮುಚ್ಚಿಡಬೇಡಿ. ಮುಚ್ಚಿಟ್ಟ ಗಾಯಕ್ಕಾಗಿಯೇ ನಾನು ವಿಮಾನ ಹತ್ತಬೇಕಾಯಿತು.

ಈಗ ಅಪ್ಪ ಮಧುಮೇಹಿಗಳಿಗೆಂದೇ ಮಾಡುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಹಾಕಿಕೊಂಡು ಮನೆಯಂಗಳದಲ್ಲಿ ನಡೆಯುತ್ತಾರೆ. ತಮ್ಮ ಬೈಕು ನಿಲ್ಲಿಸಿ ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತಾನೆ, ವಾರಕ್ಕೆ ನಾಲ್ಕು ದಿನ ಎಂದು ಅವನು ಹೇಳುತ್ತಾನೆ, ಎರಡು ದಿನ ಎಂದು ಅಮ್ಮ ಹೇಳುತ್ತಾರೆ. ಪ್ರತಿ ರಾತ್ರಿ ಮಲಗುವ ಮುನ್ನ ಅಮ್ಮ ಮೊಬೈಲಿನ ಬೆಳಕು ಹಿಡಿದು ಅಪ್ಪನ ಅಂಗಾಲು, ಬೆರಳ ಸಂದುಗಳನ್ನು ನೋಡುತ್ತಾರೆ. ಭಾನುವಾರದ ವಿಡಿಯೊ ಕರೆಯಲ್ಲಿ ಅಪ್ಪ ಮೊದಲು ಮುಖ ತೋರಿಸುವುದಿಲ್ಲ. ಕಾಲೆತ್ತಿ ಎರಡೂ ಪಾದಗಳನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾರೆ. “ನೋಡ್ಕೊಂಡ್ಯಾ?” ಎಂದು ಕೇಳಿ, ನಾನು ಹೂಂ ಎಂದ ಮೇಲೆ, “ನಿಂದೆಷ್ಟು ಬಂತು ಈ ಸಲ?” ಎನ್ನುತ್ತಾರೆ.